ಏಳು ಚುಕ್ಕಿಯ ಗ್ಲೌಸು

"ಕಣ್ಣು ಮುಖದಲ್ಲಿದೆಯೋ ಕುಂಡಿಯಲ್ಲಿದೆಯೋ ನಿಂಗೆ?"

ದೊಡ್ಡ ಸಿಸ್ಟರ್ ಎಸೆದ ಗ್ಲೌಸು ಅವಳ ಕೆನ್ನೆಗೆ ಬಡಿದು ಬಕೆಟ್ಟಿನೊಳಗೆ ಬಿತ್ತು. ಕೆನ್ನೆಯ ಮೇಲೆ ಒದ್ದೆ ಉಳಿಯಿತು. ಅದು ನೀರೋ ರಕ್ತವೋ ಎಂದು ಮುಟ್ಟಿ ನೋಡಿಕೊಳ್ಳೋಣವೆಂದರೆ ಎರಡೂ ಕೈಗಳು ಮೊಣಕೈವರೆಗೆ ಬ್ಲೀಚಿಂಗ್ ನೀರಿನಲ್ಲಿದ್ದವು.

"ಆಪರೇಷನ್ ಅರ್ಧ ಆಗಿತ್ತು. ಡಾಕ್ಟರ ಕೈಲಿ ಪರ್ರಂತ ಹರೀತು. ಎಲ್ಲರ ಮುಂದೆ ನನ್ನ ಮಾನ ಹರಾಜಾಯ್ತು. ತೂತಾಗಿದ್ದನ್ನ ಯಾಕೆ ಒಳಗೆ ಕಳಿಸ್ತೀಯೇ, ಮುಂಡೇದೆ?"

"ತೂತಿರಲಿಲ್ಲ ಸಿಸ್ಟರ್. ಊದಿ ನೋಡೇ ಕಳಿಸಿದ್ದು. ಹಳೇದಾಗಿ ಸವೆದುಹೋಗಿತ್ತು."

"ಬಾಯಿ ಬೇರೆ ಕೇಡು. ಸವೆದಿತ್ತಂತೆ! ಊದೋಕೆ ಉಸಿರಿಲ್ಲ, ಎದುರು ಮಾತಾಡೋಕೆ ಮಾತ್ರ ಉಸಿರು ತುಂಬಿ ತುಳುಕ್ತಿದೆ. ಇನ್ನೊಂದು ಸಲ ಹಿಂಗಾದ್ರೆ ನಾಳೆಯಿಂದ ಗೇಟಿನ ಆಚೆ ನಿಂತು ಊದ್ತಾ ಇರು."

ಸಿಸ್ಟರ್ ಹೋದಮೇಲೆ ಅವಳು ಕೈ ಹೊರತೆಗೆದು ಕೆನ್ನೆ ಒರೆಸಿಕೊಂಡಳು. ಹರಿದ ಗ್ಲೌಸನ್ನು ಬಕೆಟ್ಟಿನಿಂದ ಎತ್ತಿ ಮಣಿಕಟ್ಟಿನ ಅಂಚು ಬಿಡಿಸಿ ನೋಡಿದಳು. ಆರು ಚುಕ್ಕಿ.

ಮೆಟ್ಟಿಲ ಕೆಳಗಿನ ಆ ಗೂಡಿನಲ್ಲಿ ಅವಳಿಗೆ ಹನ್ನೆರಡು ವರ್ಷವಾಗಿತ್ತು. ಮೇಲೆ ಜನ ಹತ್ತಿ ಇಳಿಯುವಾಗಲೆಲ್ಲ ತಲೆಯ ಮೇಲೆ ಸುಣ್ಣ ಉದುರುತ್ತಿತ್ತು. ಆಪರೇಷನ್ ಥಿಯೇಟರಿನಿಂದ, ಹೆರಿಗೆ ಕೋಣೆಯಿಂದ ಕೆಂಪು ಬಕೆಟ್ಟುಗಳು ಬರುತ್ತಿದ್ದವು. ಗ್ಲೌಸುಗಳನ್ನು ನೆನೆಹಾಕಿ, ಸೋಪಿನಲ್ಲಿ ಉಜ್ಜಿ, ಒಳಹೊರಗು ಮಾಡಿ ಮತ್ತೆ ಉಜ್ಜಿ, ಒಂದೊಂದನ್ನೂ ಬಾಯಿಗಿಟ್ಟು ಊದಿ ತೂತು ಹುಡುಕುವುದು ಅವಳ ಕೆಲಸ. ಯಾರದೋ ಹೊಟ್ಟೆಯೊಳಗೆ ಹೋಗಿ ಬಂದದ್ದಕ್ಕೆ ತುಟಿ ಹಚ್ಚುವಾಗ ಮೊದಮೊದಲು ವಾಂತಿ ಬರುತ್ತಿತ್ತು. ಈಗ ಬರುತ್ತಿರಲಿಲ್ಲ. ಊದಿದ್ದನ್ನು ಹಗ್ಗಕ್ಕೆ ನೇತುಹಾಕಿ, ಒಣಗಿದ ಮೇಲೆ ಪೌಡರು ಸವರಿ, ಜೊತೆಮಾಡಿ, ಅಂಚು ಮಡಚಿ, ಆವಿಯಲ್ಲಿ ಬೇಯಿಸುವ ಡ್ರಮ್ಮಿಗೆ ತುಂಬುತ್ತಿದ್ದಳು. ಆವಿಯ ಯಂತ್ರದ ಮುಚ್ಚಳ ಸರಿಯಾಗಿ ಕೂರದೆ ಒಂದು ವರ್ಷವಾಗಿತ್ತು. ಆವಿ ಪಕ್ಕದಿಂದ ಸೋರಿಹೋಗಿ, ಒಳಗಿದ್ದ ಗ್ಲೌಸು ಬೇಯುವ ಬದಲು ಬೆವರಿಕೊಂಡು ಹೊರಬರುತ್ತಿತ್ತು.

ಇಡೀ ಆಸ್ಪತ್ರೆ ಅವಳನ್ನು ಗ್ಲೌಸಮ್ಮ ಎಂದು ಕರೆಯುತ್ತಿತ್ತು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು, ಅದನ್ನು ಕೂಗುವವರಿರಲಿಲ್ಲ.

ಚುಕ್ಕಿ ಇಡುವುದನ್ನು ಕಲಿಸಿದ್ದು ಹಿಂದೆ ಇದ್ದ ಒಬ್ಬ ವಯಸ್ಸಾದ ಸಿಸ್ಟರ್. "ನಿಂಗೆ ಓದೋಕೆ ಬರಲ್ಲ, ಎಣಿಸೋಕೆ ಬರುತ್ತಲ್ಲ? ಒಂದು ಸಲ ತೊಳೆದ್ರೆ ಒಂದು ಚುಕ್ಕಿ. ಮೂರಾಯ್ತಾ, ಕತ್ತರಿ ಹಾಕಿ ಎಸಿ. ಯಾರು ಬೈದ್ರೂ ಎಸಿ," ಎಂದು ಬಟ್ಟೆಗೆ ಗುರುತು ಹಾಕುವ ಅಳಿಸದ ಶಾಯಿಯ ಪೆನ್ನು ಕೊಟ್ಟಿದ್ದರು. ಅಂಚು ಮಡಚಿದರೆ ಒಳಗೆ ಅಡಗಿಹೋಗುವ ಜಾಗದಲ್ಲಿ ಚುಕ್ಕಿ. ಆ ಸಿಸ್ಟರ್ ನಿವೃತ್ತರಾದ ಮಾರನೆಯ ವಾರವೇ ಕತ್ತರಿ ಸ್ಟೋರಿಗೆ ವಾಪಸು ಹೋಯಿತು. ಥಿಯೇಟರಿಗೆ ಹೊಸ ಗ್ಲೌಸು ಬರುವುದು ಅಪರೂಪವಾಯಿತು. ಚುಕ್ಕಿ ಮಾತ್ರ ನಿಲ್ಲಲಿಲ್ಲ; ಕೈಗೆ ಅಭ್ಯಾಸವಾಗಿಬಿಟ್ಟಿತ್ತು. ಮೂರು ನಾಲ್ಕಾಯಿತು, ನಾಲ್ಕು ಐದಾಯಿತು. ಅದನ್ನು ನೋಡುತ್ತಿದ್ದವಳು ಅವಳೊಬ್ಬಳೇ.

ಅವಳ ಕಣ್ಣೆದುರಿನ ಗೋಡೆಗೇ ಒಂದು ಚಿತ್ರ ಅಂಟಿಸಿದ್ದರು. ಒಂದು ಗ್ಲೌಸು, ಪಕ್ಕದಲ್ಲಿ ಕಸದ ಡಬ್ಬಿ, ನಡುವೆ ಬಾಣ. ಓದು ಬರದವರಿಗೂ ಅರ್ಥವಾಗುವಂತೆ ಬರೆದ ಚಿತ್ರ. ಅದನ್ನು ನೋಡುತ್ತಲೇ ಅವಳು ತೊಳೆಯುತ್ತಿದ್ದಳು.

ಆವತ್ತು ಆ ಹರಿದ ಗ್ಲೌಸಿನ ಆರು ಚುಕ್ಕಿಗಳನ್ನು ಅವಳು ಮತ್ತೊಮ್ಮೆ ಎಣಿಸಿದಳು. ಅವಳ ಮಗಳು ಮೇಲಿನ ಹೆಂಗಸರ ವಾರ್ಡಿನಲ್ಲಿ ಮಲಗಿದ್ದಳು. ದಿನ ತುಂಬಿತ್ತು. ಮಗು ಅಡ್ಡ ಮಲಗಿದೆ, ಕುಯ್ಯದೆ ವಿಧಿಯಿಲ್ಲ, ಗುರುವಾರ ಬೆಳಗ್ಗೆ ಅಂದಿದ್ದರು. ಇನ್ನು ಎರಡೇ ದಿನ. ಅಳಿಯ ಲಾರಿಯ ಮೇಲೆ ಎಲ್ಲೋ ದೂರದ ರಸ್ತೆಯಲ್ಲಿದ್ದ. ಮಗಳು ಮಾತ್ರ ನಿಶ್ಚಿಂತೆಯಾಗಿದ್ದಳು. ಅಕ್ಕಪಕ್ಕದ ಮಂಚದವರಿಗೆಲ್ಲ "ನಮ್ಮಮ್ಮ ಇಲ್ಲೇ ಕೆಲಸ ಮಾಡೋದು" ಎಂದು ಹೇಳಿಕೊಂಡು ಬಂದಿದ್ದಳು.

*

ಸ್ಟೋರಿನವನ ಸೊಂಟದಲ್ಲಿ ಸದಾ ಕೀಲಿಗೊಂಚಲು ಜೋಲಾಡುತ್ತಿದ್ದುದರಿಂದ ಎಲ್ಲರೂ ಅವನನ್ನು ಬೀಗದಪ್ಪ ಎನ್ನುತ್ತಿದ್ದರು, ಬೆನ್ನ ಹಿಂದೆ. ಅವಳು ಹೊಸ್ತಿಲಾಚೆ ನಿಂತು ಕೆಮ್ಮಿದಳು. ಒಳಗೆ ಹೊಸ ಗ್ಲೌಸಿನ ಪೆಟ್ಟಿಗೆಗಳನ್ನು ಸೂರು ಮುಟ್ಟುವಂತೆ ಪೇರಿಸಿದ್ದರು.

"ಏನು ಗ್ಲೌಸಮ್ಮ, ದಾರಿ ತಪ್ಪಿ ಬಂದ್ಯಾ?"

"ಗುರುವಾರ ಮಗಳ ಆಪರೇಷನ್ನು ಸಾರ್. ಎರಡೇ ಎರಡು ಜೊತೆ ಹೊಸದು ಕೊಟ್ರೆ..."

"ಹೊಸದು!" ಅವನು ಬೆಂಚಿನ ಮೇಲೆ ಕೂತಿದ್ದ ವ್ಯಾನಿನ ಡ್ರೈವರನ ಕಡೆ ತಿರುಗಿದ. "ಕೇಳಿದ್ಯೇನಯ್ಯಾ? ಮಹಾರಾಣಿ ಹೆರ್ತಾಳಂತೆ, ಹೊಸ ಗ್ಲೌಸು ಬೇಕಂತೆ. ಯಾಕಮ್ಮ, ನೀನೇ ತೊಳೆದದ್ದರ ಮೇಲೆ ನಿಂಗೇ ನಂಬಿಕೆ ಇಲ್ವಾ?"

ಡ್ರೈವರು ನಕ್ಕ. ಅವಳೂ ಸ್ವಲ್ಪ ನಕ್ಕಳು, ನಕ್ಕರೆ ಕೊಟ್ಟಾನೇನೋ ಎಂದು.

"ನಂಬಿಕೆ ಇಲ್ಲ ಸಾರ್," ಅಂದಳು.

ಬೀಗದಪ್ಪನ ನಗು ನಿಂತಿತು. "ಹಾಗಂತ ಹೊರಗೆ ಅಂದೀಯ, ಹುಷಾರು. ಸಿಸ್ಟರ ಸಹಿ ಇರೋ ಚೀಟಿ ತಂದಿದ್ದೀಯಾ? ಇಲ್ಲ. ಹಂಗಾದ್ರೆ ನಡಿ. ಇರು, ಇರು, ಬಂದಿದ್ದೀಯಲ್ಲ, ಈ ಹತ್ತು ಪೆಟ್ಟಿಗೆ ವ್ಯಾನಿಗೆ ಹಾಕಿ ಹೋಗು. ದೊಡ್ಡ ಡಾಕ್ಟರ ನರ್ಸಿಂಗ್ ಹೋಮಿಗೆ ಹೋಗ್ಬೇಕು. ಹೊಸ ಗ್ಲೌಸು ಕೈಯಲ್ಲಿ ಹಿಡೀಬೇಕು ಅಂತಿದ್ಯಲ್ಲ, ತಲೆ ಮೇಲೇ ಹೊತ್ಕೊ."

ಅವಳು ಹೊತ್ತಳು. ಹತ್ತು ಸಲ ಹೊಸ್ತಿಲು ದಾಟಿ ಹತ್ತು ಸಲ ವಾಪಸು ಬಂದಳು. ಏಳನೆಯ ಪೆಟ್ಟಿಗೆಯ ಅಂಟು ಒಂದು ಮೂಲೆಯಲ್ಲಿ ಬಿಟ್ಟುಕೊಂಡಿತ್ತು; ಒಳಗಿನ ಬಿಳಿ ಪ್ಯಾಕೆಟ್ಟಿನ ಮೂಲೆ ಅವಳ ಕಣ್ಣಿಗೇ ಚುಚ್ಚುತ್ತಿತ್ತು. ಎರಡು ಬೆರಳು ಹಾಕಿ ಎಳೆದರೆ ಬರುತ್ತಿತ್ತು. ಅವಳು ವ್ಯಾನಿನ ಮರೆಗೆ ಬಂದು, ಉಸಿರು ಹಿಡಿದು, ಬೆರಳು ಇಟ್ಟಳು ಕೂಡ. ಒಳಗೆ ಬೀಗದಪ್ಪನ ಕೀಲಿಗೊಂಚಲು ಸದ್ದು ಮಾಡಿತು. ಬೆರಳು ತೆಗೆದಳು.

ಕೊನೆಯ ಪೆಟ್ಟಿಗೆ ಹಾಕಿ ಹೊರಟಾಗ ಬೀಗದಪ್ಪ ಕರೆದ. "ಜೇಬು."

ನೀಲಿ ಕೋಟಿನ ಎರಡೂ ಜೇಬುಗಳನ್ನು ಅವಳು ಹೊರಗೆ ಎಳೆದು ತೋರಿಸಿದಳು. ಒಂದರಿಂದ ಶಾಯಿಯ ಪೆನ್ನು ಬಿತ್ತು.

"ಓದೋಕೆ ಬರದವಳಿಗೆ ಪೆನ್ನು ಬೇರೆ," ಎಂದು ಡ್ರೈವರು ಅದನ್ನು ಕಾಲಿನಿಂದ ಅವಳ ಕಡೆ ತಳ್ಳಿದ.

*

ಬುಧವಾರ ಒಣಗಿದ ಗ್ಲೌಸುಗಳನ್ನು ಹಗ್ಗದಿಂದ ಇಳಿಸಿ ಮಡಿಲಿಗೆ ಹಾಕಿಕೊಂಡು ಅವಳು ಒಂದೊಂದರ ಅಂಚನ್ನೂ ಬಿಡಿಸಿ ನೋಡಿದಳು. ಐದು. ಆರು. ಐದು. ಏಳು. ನಾಲ್ಕು. ಹೀಗೆ ನೋಡುತ್ತ ನೋಡುತ್ತ ರಾಶಿಯ ತಳದಲ್ಲಿ ಒಂದು ಚುಕ್ಕಿಯದು ಸಿಕ್ಕಿತು. ಹಿಂದಿನ ವಾರ ಯಾರೋ ಅಧಿಕಾರಿಯ ಹೆಂಡತಿಗೆ ಆಪರೇಷನ್ ಆದಾಗ ಹೊಸ ಪ್ಯಾಕೆಟ್ಟು ಒಡೆದಿದ್ದರು. ಆವತ್ತಿನವು. ಹುಡುಕಿದರೆ ಎರಡು ಜೊತೆ ಆದವು. ಡಾಕ್ಟರಿಗೊಂದು, ಪಕ್ಕದಲ್ಲಿ ನಿಲ್ಲುವವರಿಗೊಂದು. ಲೆಕ್ಕಕ್ಕೆ ಸರಿಹೋಯಿತು.

ಥಿಯೇಟರಿನ ಬಾಗಿಲಲ್ಲಿ ಕೆಲಸ ಮಾಡುವವನನ್ನು ಅವಳು ಅಣ್ಣ ಎನ್ನುತ್ತಿದ್ದಳು. ರಕ್ತಸಂಬಂಧವೇನಿಲ್ಲ, ಒಂದೇ ವಾರ ಕೆಲಸಕ್ಕೆ ಸೇರಿದವರು. ಎರಡು ಜೊತೆಯನ್ನು ಬೇರೆ ಬಟ್ಟೆಯಲ್ಲಿ ಸುತ್ತಿ, ಬೇರೆಯಾಗಿಯೇ ಆವಿಯಲ್ಲಿ ಬೇಯಿಸಿ ಅವನ ಕೈಗೆ ಕೊಟ್ಟಳು.

"ನಾಳೆ ಮಗಳಿಗೆ ಇವನ್ನೇ ಇಡಬೇಕು ಅಣ್ಣಾ. ನನ್ನಾಣೆ."

"ನಾಳೆ ಎರಡು ಕೇಸಿದೆ ಕಣಮ್ಮ. ನಿನ್ನ ಮಗಳು ಮೊದಲು, ಆ ಇಟ್ಟಿಗೆ ಗೂಡಿನವಳು ಆಮೇಲೆ." ಅವನು ಗಂಟನ್ನು ಕೈಯಲ್ಲಿ ತೂಗಿ ನೋಡಿದ. "ಆಮೇಲಿಂದಕ್ಕೆ ಯಾವುದು?"

ಅವಳು ಕೋಟಿಗೆ ಹತ್ತಿದ್ದ ಪೌಡರು ಕೊಡವಿಕೊಂಡಳು.

"ನಾನೇನೂ ಕೇಳಲಿಲ್ಲ ಬಿಡು," ಅಂದು ಅವನು ಗಂಟನ್ನು ಕೋಟಿನೊಳಗೆ ಸೇರಿಸಿದ.

ಇಟ್ಟಿಗೆ ಗೂಡಿನವಳು ಮಗಳ ಪಕ್ಕದ ಮಂಚದವಳು. ಇದು ಅವಳಿಗೆ ಮೂರನೆಯದು. ಅಂಗೈಗಳಲ್ಲಿ ಕೆಂಪು ಮಣ್ಣು ಎಷ್ಟು ತಿಕ್ಕಿದರೂ ಹೋಗದಷ್ಟು ಇಳಿದಿತ್ತು. ಬಾಯಿ ಸುಮ್ಮನಿರುತ್ತಿರಲಿಲ್ಲ. "ನನ್ನ ಹೊಟ್ಟೆಗೆ ಡಾಕ್ಟರ ಚಾಕು ಎಲ್ಲಿ ಸಾಲುತ್ತೆ, ಗಾರೆಯವರ ಕರಣೆ ತರ್ಬೇಕು" ಎಂದು ಇಡೀ ವಾರ್ಡನ್ನು ನಗಿಸುತ್ತಿದ್ದಳು. ಮಗಳಿಗೆ ಚಳಿಯೆಂದರೆ ತನ್ನ ಹೊದಿಕೆ ಕೊಟ್ಟಿದ್ದಳು. ಬುಧವಾರ ಸಂಜೆ ಗ್ಲೌಸಮ್ಮ ಮಗಳನ್ನು ನೋಡಲು ಹೋದಾಗ ಅವಳು ಕೈ ಹಿಡಿದುಕೊಂಡಳು. ಆ ಕೈ ಇಟ್ಟಿಗೆಯಷ್ಟೇ ಒರಟಾಗಿತ್ತು.

"ಅಕ್ಕಾ, ಒಳಗೆಲ್ಲ ನಿಮ್ಮವರೇ ಇರ್ತಾರಂತಲ್ಲ. ನಿನ್ನ ಮಗಳಿಗೆ ಹೇಳೋವಾಗ ನನಗೂ ಒಂದು ಮಾತು ಹೇಳಿಬಿಡು. ಮನೇಲಿ ಇನ್ನೂ ಎರಡು ಬಾಯಿ ಕಾಯ್ತಾ ಇವೆ."

"ಹೇಳ್ತೀನಿ," ಅಂದಳು ಗ್ಲೌಸಮ್ಮ.

ಕೆಳಗೆ ಬಂದು ಉಳಿದ ಗ್ಲೌಸುಗಳನ್ನು ಡ್ರಮ್ಮಿಗೆ ತುಂಬಿದಳು. ಇರುವುದರಲ್ಲೇ ಗಟ್ಟಿಯಾದದ್ದು ಆರಿಸೋಣವೆಂದು ನೋಡಿದಳು. ಡಾಕ್ಟರ ಅಳತೆಯವುಗಳಲ್ಲಿ ಊದಿದರೆ ಗಾಳಿ ನಿಲ್ಲುತ್ತಿದ್ದದ್ದು ಏಳು ಚುಕ್ಕಿಯ ಜೊತೆಯೊಂದೇ. ಅದನ್ನೇ ಮೇಲೆ ಇಟ್ಟಳು.

*

ಗುರುವಾರ ಮಗಳಿಗೆ ಗಂಡು, ಇಟ್ಟಿಗೆ ಗೂಡಿನವಳಿಗೆ ಹೆಣ್ಣು. ಸಂಜೆ ಕೆಂಪು ಬಕೆಟ್ಟು ಬಂದಾಗ ಗ್ಲೌಸಮ್ಮ ಮೊದಲು ಏಳು ಚುಕ್ಕಿಯದನ್ನು ಹುಡುಕಿದಳು. ತೊಳೆದಳು, ಊದಿದಳು. ಪೆನ್ನು ತೆಗೆದು ಎಂಟನೆಯ ಚುಕ್ಕಿ ಇಡಲು ಹೋದವಳು ಇಡಲಿಲ್ಲ. ಆ ಜೊತೆಯನ್ನು ಪೌಡರಿನ ಡಬ್ಬಿಯ ಕೆಳಗೆ ಅಡಗಿಸಿಟ್ಟಳು.

ನಾಲ್ಕನೆಯ ದಿನ ಇಟ್ಟಿಗೆ ಗೂಡಿನವಳಿಗೆ ಜ್ವರ ಬಂತು. ಐದನೆಯ ದಿನ ಹೊಲಿಗೆ ಊದಿ, ಎರಡು ಕಡೆ ಬಾಯಿ ಬಿಟ್ಟಿತು. ಆ ಮಂಚದ ಸುತ್ತ ವಾಸನೆ ಶುರುವಾಯಿತು. ಕರಣೆಯ ಮಾತು ನಿಂತಿತು. ಮಗು ಅತ್ತರೆ ಎತ್ತಿಕೊಳ್ಳಲಾಗದೆ ಅವಳು ಸೂರು ನೋಡುತ್ತಿದ್ದಳು. ಗ್ಲೌಸಮ್ಮನ ಮಗಳೇ ಆ ಮಗುವಿಗೂ ಹಾಲು ಕೊಟ್ಟಳು. ಅದೇ ಸಾಲಿನಲ್ಲಿ ಹಿಂದಿನ ವಾರ ಕುಯ್ಸಿಕೊಂಡ ಇನ್ನಿಬ್ಬರಿಗೂ ಕೀವಾಗಿತ್ತು. ಅವರ ಪೈಕಿ ಒಬ್ಬಳ ಗಂಡ ಯಾರಿಗೋ ಅರ್ಜಿ ಬರೆದ. ಸೋಂಕು ನಿಯಂತ್ರಣ ಸಮಿತಿ ಬರುತ್ತದೆಂದು ಸುದ್ದಿಯಾಯಿತು.

ಮಾರನೆಯ ಬೆಳಗ್ಗೆ ಕಸ ಗುಡಿಸುವವರು, ನೆಲ ಒರೆಸುವವರು, ಬಟ್ಟೆ ಒಗೆಯುವವರು ಎಲ್ಲರನ್ನೂ ದೊಡ್ಡ ಸಿಸ್ಟರ್ ಸಾಲಾಗಿ ನಿಲ್ಲಿಸಿದರು. ಕೈ ತೊಳೆಯುವ ಪಾಠ. ಗೋಡೆಯ ಮೇಲೆ ಆರು ಚಿತ್ರಗಳು, ಕೆಳಗೆ ನಲ್ಲಿ. ನಲ್ಲಿ ತಿರುಗಿಸಿದರೆ ಒಂದು ನಿಟ್ಟುಸಿರು ಬಂತು, ನೀರು ಬರಲಿಲ್ಲ.

"ನೀರು ಬಂತು ಅಂದ್ಕೊಳ್ಳಿ," ಅಂದರು ಸಿಸ್ಟರ್. "ಅಂಗೈಗೆ ಅಂಗೈ. ಬೆರಳ ಸಂದಿ. ಹೆಬ್ಬೆರಳು ತಿರುಗಿಸಿ. ಏ ಗ್ಲೌಸಮ್ಮ, ಸರಿಯಾಗಿ ಉಜ್ಜು! ನಿಮ್ಮಂಥ ಕೊಳಕು ಮುಂಡೇವಿಂದಲೇ ಇದೆಲ್ಲ."

ಹದಿನಾಲ್ಕು ಜನ ಒಣಗೈ ಉಜ್ಜಿದರು. ಬ್ಲೀಚಿನಲ್ಲಿ ಬೆಂದು ಸಿಪ್ಪೆ ಎದ್ದ ಕೈಗಳು ಸರಸರ ಸದ್ದು ಮಾಡಿದವು. ಪಾಯಿಖಾನೆ ತೊಳೆಯುವ ಮುದುಕಿ ಮೆಲ್ಲಗೆ ಅಂದಳು, "ನೀರಿಲ್ಲದೆ ಕೈ ತೊಳೆಯೋದು ಕಲಿತಂಗಾಯ್ತು. ಹಂಗೇ ಊಟ ಇಲ್ಲದೆ ಕೈ ಬಾಯಿ ಆಡಿಸೋದನ್ನೂ ಕಲಿಸಿಬಿಟ್ರೆ ನನ್ನ ಜನ್ಮ ಪಾವನ."

ಯಾರೋ ಕಿಸಕ್ಕೆಂದರು. ಸಿಸ್ಟರ್ ಮುದುಕಿಯ ಮೊಣಕೈಗೆ ಅಳತೆಪಟ್ಟಿಯಿಂದ ಒಂದು ಬಾರಿಸಿದರು.

ಪಾಠ ಮುಗಿದ ಮೇಲೆ ಲ್ಯಾಬಿನವನು ಹತ್ತಿ ಸುತ್ತಿದ ಕಡ್ಡಿಗಳನ್ನು ತಂದು ಒಬ್ಬೊಬ್ಬರ ಅಂಗೈಗೂ ಒರೆಸಿ ಗಾಜಿನ ನಳಿಗೆಗಳಿಗೆ ಹಾಕಿಕೊಂಡ. ಗ್ಲೌಸಮ್ಮನನ್ನು ಕೆಂಪು ಬಕೆಟ್ಟಿನ ಕೆಲಸದ ಮಧ್ಯದಲ್ಲೇ ಎಬ್ಬಿಸಿ ತಂದಿದ್ದರು. ಕೈ ತೊಳೆದುಕೊಂಡು ಬರುತ್ತೇನೆಂದರೆ ಬಿಟ್ಟಿರಲಿಲ್ಲ.

"ಡಾಕ್ಟರ ಕೈಗೂ ಹಿಂಗೇ ಒರೆಸ್ತೀರಾ?" ಎಂದು ಕೇಳಿದಳು.

ಅವನು ಅತ್ತಿತ್ತ ನೋಡಿದ. "ಸುಮ್ನಿರಮ್ಮ. ನಂಗೂ ಹೆಂಡತಿ ಮಕ್ಕಳಿದ್ದಾರೆ."

*

"ಮೂಲ ಸಿಕ್ತು," ಅಂದರು ದೊಡ್ಡ ಡಾಕ್ಟರು.

ಆಸ್ಪತ್ರೆಯ ಮುಖ್ಯಸ್ಥರೂ ಅವರೇ, ಕುಯ್ಯುವವರೂ ಅವರೇ. ಅವಳು ಬಾಗಿಲ ಹತ್ತಿರದ ಕಾಲೊರೆಸುವ ಮ್ಯಾಟಿನ ಮೇಲೆ ನಿಂತಿದ್ದಳು. ಅದಕ್ಕಿಂತ ಮುಂದೆ ಬರಬೇಡ ಎಂದು ಸಿಸ್ಟರ್ ಹೇಳಿದ್ದರು. ಅವಳ ಕೈಯಲ್ಲಿ ಸಿಕ್ಕ ಕ್ರಿಮಿಯೂ ಇಟ್ಟಿಗೆ ಗೂಡಿನವಳ ಕೀವಿನಲ್ಲಿದ್ದ ಕ್ರಿಮಿಯೂ ಒಂದೇ ಎಂದು ಡಾಕ್ಟರು ಕಾಗದ ತೋರಿಸಿದರು, ಅವಳಿಗೆ ಓದಲು ಬರುತ್ತದೆಂಬಂತೆ.

"ಕೀವಿನ ಡ್ರೆಸ್ಸಿಂಗ್ ಮಾಡಿದ ಗ್ಲೌಸೂ ನಾನೇ ತೊಳೆಯೋದಲ್ವಾ ಸಾರ್," ಅಂದಳು. "ಅದು ನನ್ನ ಕೈಗೆ ಬರದೆ ಇನ್ನೆಲ್ಲಿಗೆ ಹೋಗುತ್ತೆ?"

"ಗ್ಲೌಸು ತೊಳೆಯೋದಾ?" ಡಾಕ್ಟರು ಕನ್ನಡಕ ತೆಗೆದರು. ಧ್ವನಿ ಏರಿಸಲಿಲ್ಲ. "ಇಲ್ಲಿ ಯಾರೂ ಗ್ಲೌಸು ತೊಳೆಯಲ್ಲಮ್ಮ. ಒಂದು ಸಲ ಹಾಕ್ತೀವಿ, ಎಸೀತೀವಿ. ಗೋಡೆ ಮೇಲೆ ಚಿತ್ರವೇ ಇದೆಯಲ್ಲ. ಸಿಸ್ಟರ್, ಇವಳ ಕೆಲಸ ಏನು?"

"ನೆಲ ಒರೆಸೋದು ಸಾರ್."

"ಕೇಳಿದ್ಯಲ್ಲ. ನೆಲ ಒರೆಸಿದ ಕೈ ತೊಳೆಯದೆ ವಾರ್ಡಿನ ಸಾಮಾನು ಮುಟ್ಟಿದ್ದೀಯ. ತಿಳಿದೋ ತಿಳಿಯದೆಯೋ. ಅಷ್ಟನ್ನ ಬರೆಸಿದ್ದೀನಿ, ಹೆಬ್ಬೆಟ್ಟು ಒತ್ತು. ನಿನ್ನನ್ನ ಜೈಲಿಗೇನೂ ಹಾಕಲ್ಲ. ಆರು ತಿಂಗಳು ಕಳೀಲಿ, ಬೇರೆ ಕಡೆ ಎಲ್ಲಾದ್ರೂ ಹಾಕಿಸ್ತೀನಿ."

"ಒತ್ತದಿದ್ರೆ?"

ಡಾಕ್ಟರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. "ಮಗಳು ಹೆಂಗಿದ್ದಾಳೆ? ಮೊಮ್ಮಗ ಚೆನ್ನಾಗಿದ್ದಾನಾ? ಹೊಲಿಗೆ ಇನ್ನೂ ಬಿಚ್ಚಿಲ್ಲ ಅಲ್ವಾ? ನಾವೇ ಬಿಚ್ಚಬೇಕಲ್ಲ."

ಅವಳು ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡಳು. ಮೂಗಿನೊಳಗೆ ಬ್ಲೀಚಿನ ವಾಸನೆ.

"ನಾಳೆ ಸಮಿತಿಯವರು ಬಂದಾಗ ಅವರ ಮುಂದೆಯೇ ಒತ್ತು," ಅಂದರು ಡಾಕ್ಟರು. "ಆಗ ಬಲವಂತ ಮಾಡಿದ್ರು ಅನ್ನೋ ಮಾತು ಬರಲ್ಲ."

*

ಬೆಳಗ್ಗೆ ಎಂಟಕ್ಕೇ ಹಗ್ಗ ಬಿಚ್ಚಿಸಿದರು. ಟಬ್ಬುಗಳು ಚಾವಣಿಗೆ ಹೋದವು. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಎರಡು ಹೂಕುಂಡ ತಂದಿಟ್ಟರು. ಬೀಗದಪ್ಪ ಹೊಸ ಗ್ಲೌಸಿನ ಪೆಟ್ಟಿಗೆಗಳನ್ನು ವಾರ್ಡಿನ ಪ್ರತಿ ಮೂಲೆಗೂ ಒಂದೊಂದರಂತೆ ಜೋಡಿಸಿ, ತೆರೆಯಬೇಡಿ ಎಂದು ನರ್ಸುಗಳಿಗೆ ತಾಕೀತು ಮಾಡಿದ. ನಲ್ಲಿಗೆ ಟ್ಯಾಂಕರಿನ ನೀರು ಬಂತು. ತೊಳೆದ ಗ್ಲೌಸುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಸ್ಟೋರಿನ ಹಿಂದಿಡಲು ಗ್ಲೌಸಮ್ಮನಿಗೇ ಹೇಳಿದರು.

"ಸುಡೋದಲ್ವಾ ಸಿಸ್ಟರ್?"

"ಸುಟ್ರೆ ನಾಳೆಗೆ ನಿನ್ನಪ್ಪ ತಂದ್ಕೊಡ್ತಾನಾ?"

ಅವಳು ಚೀಲ ಹೊತ್ತಿಟ್ಟು ಬಂದಳು. ಪೌಡರಿನ ಡಬ್ಬಿಯ ಕೆಳಗಿದ್ದದ್ದು ಮಾತ್ರ ಕೋಟಿನ ಜೇಬಿನಲ್ಲಿತ್ತು.

ಸಮಿತಿಯಲ್ಲಿ ಮೂವರು. ನಡುವೆ ಕೂತ ಮೇಡಂ ಬಂದ ಕೂಡಲೇ ತಮ್ಮ ಚೀಲದಿಂದ ಒಂದು ಪುಟ್ಟ ಬಾಟಲಿ ತೆಗೆದು ಕೈಗೆ ದ್ರವ ಸವರಿಕೊಂಡರು. ದೊಡ್ಡ ಡಾಕ್ಟರು ಕಾಗದ ಓದಿದರು. "ನನ್ನ ನಿರ್ಲಕ್ಷ್ಯದಿಂದಲೂ ಕೊಳಕು ಅಭ್ಯಾಸಗಳಿಂದಲೂ ಮೂವರು ಬಾಣಂತಿಯರಿಗೆ ಸೋಂಕು ತಗುಲಿದ್ದನ್ನು ಒಪ್ಪಿಕೊಂಡು..." ಮೇಜಿನ ತುದಿಯಲ್ಲಿ ನೀಲಿ ಶಾಯಿಯ ಪ್ಯಾಡು ತೆರೆದಿತ್ತು.

"ಬಾಮ್ಮ, ಹೆದರಬೇಡ," ಅಂದರು ಮೇಡಂ.

ಅವಳು ಮ್ಯಾಟು ದಾಟಿ ಮೇಜಿನವರೆಗೂ ಬಂದಳು. ಜೇಬಿನಿಂದ ಗ್ಲೌಸು ತೆಗೆದು ಬಲಗೈಗೆ ಏರಿಸಿದಳು. ಡಾಕ್ಟರ ಅಳತೆಯದು, ಬೆರಳ ತುದಿಗಳು ಖಾಲಿ ನೇತಾಡುತ್ತಿದ್ದವು. ಹೆಬ್ಬೆರಳನ್ನು ಎಡಗೈಯಿಂದ ಬಿಗಿಯಾಗಿ ಎಳೆದು ಹಿಡಿದು ಪ್ಯಾಡಿಗೆ ಅದ್ದಿ ಕಾಗದದ ಮೇಲೆ ಒತ್ತಿದಳು. ಅಲ್ಲಿದ್ದವರಿಗೆ ಅವಳು ಮಾಡಿದ್ದೇನೆಂದು ತಿಳಿಯುವಷ್ಟರಲ್ಲಿ ಒತ್ತಿ ಆಗಿತ್ತು. ಕಾಗದದ ಮೇಲೆ ಒಂದು ನುಣ್ಣನೆಯ ನೀಲಿ ಮಚ್ಚೆ. ಗೆರೆಗಳಿರಲಿಲ್ಲ.

"ಏನೇ ಇದು?" ಡಾಕ್ಟರ ಧ್ವನಿ ಮೊದಲ ಸಲ ಏರಿತು.

"ಹೆಬ್ಬೆಟ್ಟು ಸಾರ್."

"ಯಾರದು?"

"ಆ ಇಟ್ಟಿಗೆ ಗೂಡಿನವಳ ಹೊಟ್ಟೆಯೊಳಗೆ ಹೋದ ಕೈಯದು ಸಾರ್. ಅದಕ್ಕೆ ಗೆರೆ ಇರಲ್ಲ."

ಅವಳು ಗ್ಲೌಸು ಕಳಚಿ ಅಂಚು ಬಿಡಿಸಿ ಮೇಡಂ ಮುಂದೆ ಇಟ್ಟಳು. "ಒಂದು ಸಲ ತೊಳೆದ್ರೆ ಒಂದು ಚುಕ್ಕಿ. ಎಣಿಸಿ ಮೇಡಂ. ನಂಗೆ ಓದೋಕೆ ಬರಲ್ಲ, ಎಣಿಸೋಕೆ ಬರುತ್ತೆ. ಇಂಥವು ಸ್ಟೋರಿನ ಹಿಂದೆ ಒಂದು ಚೀಲ ಇವೆ. ನನ್ನ ಮಗಳಿಗೆ ಒಂದು ಚುಕ್ಕಿದು ಆರಿಸಿ ಕಳಿಸಿದ್ದು ನಾನೇ, ಆ ಇಟ್ಟಿಗೆ ಗೂಡಿನವಳಿಗೆ ಏಳು ಚುಕ್ಕಿದು ಇಟ್ಟಿದ್ದೂ ನಾನೇ. ಅದು ನನ್ನ ತಪ್ಪು. ಅದನ್ನ ಬರೀರಿ, ಬರಿಗೈಲಿ ಒತ್ತಿಕೊಡ್ತೀನಿ. ಇದು ನಂದಲ್ಲ."

ಮೇಜಿನ ಮೇಲೆ ಆ ಗ್ಲೌಸು ಅಂಗೈ ಮೇಲೆ ಮಾಡಿ ಬಿದ್ದಿತ್ತು. ಮೇಡಂ ಬಾಗಿ ನೋಡಿದರು. ತುಟಿಗಳು ಅಲುಗಿದವು, ಎಣಿಸಿದರೆಂದೇ ಕಾಣುತ್ತದೆ. ಮುಟ್ಟಲಿಲ್ಲ. ಪಕ್ಕದಲ್ಲಿದ್ದವರು ತಮ್ಮ ಫಾರಮ್ಮಿನ ಹಾಳೆಗಳನ್ನು ಹಿಂದೆ ಮುಂದೆ ತಿರುವಿ, "ಇದಕ್ಕೆ ಕಾಲಮ್ಮಿಲ್ಲವಲ್ಲ ಮೇಡಂ," ಅಂದರು.

"ತಲೆ ಸರಿ ಇಲ್ಲ ಸಾರ್ ಇವಳಿಗೆ, ಮಗಳ ಬಾಣಂತನದ ಚಿಂತೆ," ಎಂದು ದೊಡ್ಡ ಸಿಸ್ಟರ್ ಅವಳ ರಟ್ಟೆ ಹಿಡಿದರು.

"ಕೈ ಬಿಡಿ ಸಿಸ್ಟರ್. ನನ್ನ ಕೈಲಿ ಕ್ರಿಮಿ ಇದೆ," ಅಂದಳು.

ರಟ್ಟೆ ಹಿಡಿದ ಕೈ ತಾನಾಗಿಯೇ ಬಿಟ್ಟಿತು.

ಸಮಿತಿಯವರು ಸ್ಟೋರಿನ ಹಿಂದಕ್ಕೆ ಹೋದರೋ ಇಲ್ಲವೋ ಅವಳಿಗೆ ಗೊತ್ತಾಗಲಿಲ್ಲ. ಅರ್ಧ ಗಂಟೆಗೆ ಅವರ ಕಾರು ಗೇಟು ದಾಟಿದ ಸದ್ದು ಕೇಳಿತು. ಅದಾದ ಐದು ನಿಮಿಷಕ್ಕೆ ಬೀಗದಪ್ಪ ವಾರ್ಡಿನ ಮೂಲೆಗಳಿಂದ ಪೆಟ್ಟಿಗೆಗಳನ್ನು ಎತ್ತಿಸತೊಡಗಿದ. ಅವಳ ನೀಲಿ ಕೋಟನ್ನು ಸಿಸ್ಟರ್ ಬಿಚ್ಚಿಸಿಕೊಂಡಿದ್ದರು. ಮಗಳ ಜೊತೆಗಿರುವವಳು ಎಂಬ ಲೆಕ್ಕದಲ್ಲಿ ಮಾತ್ರ ಅವಳು ಎರಡು ಮಂಚಗಳ ನಡುವೆ ನಿಂತಿದ್ದಳು.

ಇಟ್ಟಿಗೆ ಗೂಡಿನವಳಿಗೆ ಅವಳು ಎಲ್ಲ ಹೇಳಿದಳು. ಚುಕ್ಕಿ, ಬೇರೆ ಬಟ್ಟೆಯ ಗಂಟು, ಡ್ರಮ್ಮಿನಲ್ಲಿ ಮೇಲೆ ಇಟ್ಟದ್ದು. ಕೇಳುತ್ತ ಕೇಳುತ್ತ ಆ ಹೆಂಗಸಿನ ಮುಖ ಗಡುಸಾಯಿತು.

"ನನಗೂ ಹೇಳ್ತೀನಿ ಅಂದಿದ್ಯಲ್ಲ," ಅಂದಳು ಕೊನೆಗೆ. ಗೋಡೆಯ ಕಡೆಗೆ ತಿರುಗಿಕೊಂಡಳು.

ಮಗಳು ಎರಡು ಕೂಸುಗಳನ್ನೂ ಪಕ್ಕದಲ್ಲಿ ಮಲಗಿಸಿಕೊಂಡು ಅಮ್ಮನನ್ನು ದಿಟ್ಟಿಸುತ್ತಿದ್ದಳು. "ಕೆಲಸ ಹೋಯ್ತಾ?"

"ಹೋಯ್ತು."

"ನನ್ನ ಹೊಲಿಗೆ?"

ಅವಳು ಮಗಳ ಹೊದಿಕೆಯನ್ನು ಹೊಟ್ಟೆಯ ಮೇಲಕ್ಕೆ ಎಳೆದಳು.

ಚಿಕ್ಕ ಸಿಸ್ಟರ್ ಡ್ರೆಸ್ಸಿಂಗ್ ಟ್ರೇ ಹಿಡಿದು ಬಂದಳು. ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗದ ಹುಡುಗಿ. ಟ್ರೇಯಲ್ಲಿ ಹತ್ತಿ, ಇಕ್ಕಳ, ಬಟ್ಟೆ, ಅಂಚು ಮಡಚಿದ ಒಂದು ಜೊತೆ ಗ್ಲೌಸು. ಅದರ ಮೇಲೆ ಪೌಡರು ಸವರಿದ ಗುರುತು. ಆ ಬೆರಳುಗಳನ್ನು ಗ್ಲೌಸಮ್ಮ ಕತ್ತಲಲ್ಲಿ ಮುಟ್ಟಿ ಬೇಕಾದರೂ ಹೇಳಬಲ್ಲಳು.

"ಮಡಿಕೆ ಬಿಚ್ಚಿ ತೋರಿಸಿ ಸಿಸ್ಟರ್," ಅಂದಳು.

"ದಾರಿ ಬಿಡಮ್ಮ, ಇನ್ನೂ ಹತ್ತು ಜನ ಇದ್ದಾರೆ."

"ಬಿಚ್ಚಿ ತೋರಿಸಿ."

"ನಂಗೇನು ಗೊತ್ತು? ಅವರು ಕೊಟ್ಟದ್ದು ನಾನು ತರ್ತೀನಿ. ಬೇಡ ಅಂದ್ರೆ ಬೇಡ ಅಂತ ಬರೆದು ಹೋಗ್ತೀನಿ, ಆಮೇಲೆ ಕೊಳೆತ್ರೆ ನನ್ನ ಕೇಳ್ಬೇಡ."

ಮಗಳು ಅಮ್ಮನ ಬಟ್ಟೆ ಜಗ್ಗಿದಳು. "ಬಿಡಮ್ಮಾ. ಸುಮ್ನೆ ಕಟ್ಟಿ ಹೋಗ್ಲಿ, ಬಿಡು."

ಗ್ಲೌಸಮ್ಮ ಟ್ರೇಯ ಅಂಚು ಹಿಡಿದುಕೊಂಡಳು. ಬಿಡಲಿಲ್ಲ. ಇಕ್ಕಳ ಟ್ರೇಯಲ್ಲಿ ಸಣ್ಣಗೆ ಟಣಟಣಗುಟ್ಟಿತು.

ಪಕ್ಕದ ಮಂಚದಲ್ಲಿ ಇಟ್ಟಿಗೆ ಗೂಡಿನವಳು ಮೊಣಕೈ ಊರಿ ಏಳಲು ನೋಡಿದಳು. ಆಗಲಿಲ್ಲ. ಗ್ಲೌಸಮ್ಮನ ಕಡೆ ನೋಡದೆ, ಗೋಡೆಗೆ ಮುಖ ಮಾಡಿಯೇ ಹೇಳಿದಳು:

"ಬಿಚ್ಚಿ ತೋರಿಸು ಸಿಸ್ಟರ್. ನಂದೂ ಎಣಿಸ್ಬೇಕು."

ಅದೇ ಸಾಲಿನ ಕೊನೆಯಿಂದ ಕೀವಿನ ಹೊಟ್ಟೆ ಹಿಡಿದು ಎದ್ದು ಕೂತ ಇನ್ನೊಬ್ಬಳು, "ನಂದೂ," ಅಂದಳು.

ಚಿಕ್ಕ ಸಿಸ್ಟರ್ ಬಾಗಿಲ ಕಡೆ ನೋಡಿದಳು. ಕಾರಿಡಾರಿನಲ್ಲಿ ಕೀಲಿಗೊಂಚಲಿನ ಸದ್ದು ಹತ್ತಿರ ಬರುತ್ತಿತ್ತು. ಅವಳ ಹೆಬ್ಬೆರಳು ಗ್ಲೌಸಿನ ಮಡಿಕೆಯ ಮೇಲಿತ್ತು. ಬಿಚ್ಚಲೂ ಇಲ್ಲ, ಅಲ್ಲಿಂದ ಹೋಗಲೂ ಇಲ್ಲ.